ಸಹಾಯ ಬೇಕು: ರಾಜ್‌ದೂತ್ 350, ಬಲಗಡೆ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ

ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ. ಅಪ್ಪ ಓಡಿಸುತ್ತಿದ್ದ ರಾಜ್‌ದೂತ್ 350 ಬೈಕ್ ಈಗ ನನ್ನ ಕೈಗೆ ಬಂದಿದೆ. ಯಮಹಾ ಆರ್‌ಡಿ 350 ನಮ್ಮ ದೇಶದಲ್ಲಿ ಇದೇ ಹೆಸರಲ್ಲಿ ಬರುತ್ತಿತ್ತು, ಅದೇ ಗಾಡಿ. 347 ಸಿಸಿ, ಎರಡು ಸಿಲಿಂಡರ್, ಆರು ಗೇರ್.

ಮೂರು ಮಳೆಗಾಲ ಅಡಿಕೆ ಕೊಟ್ಟಿಗೆಯಲ್ಲೇ ನಿಂತಿತ್ತು. ಕಾರ್ಬುರೇಟರ್ ಬಿಚ್ಚಿ ತೊಳೆದು, ಸ್ಪಾರ್ಕ್ ಕೊಡಿಸೋ ಪಾಯಿಂಟ್, ಕಂಡೆನ್ಸರ್ ಹೊಸದು ಹಾಕಿದೆ. ನಾಲ್ಕನೇ ಕಿಕ್‌ಗೆ ಸ್ಟಾರ್ಟ್ ಆಯ್ತು. ಅಮ್ಮ ಸದ್ದು ಕೇಳಿ ಅಂಗಳಕ್ಕೆ ಓಡಿ ಬಂದರು.

ಆದರೆ ಗಾಡಿ ಬಿಸಿಯಾದ ಮೇಲೂ ಬಲಗಡೆ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲುತ್ತಿಲ್ಲ. ಆ ಕಡೆ ಪ್ಲಗ್ ಕಪ್ಪಗೆ, ಒದ್ದೆ. ಎಡಗಡೆಯದು ಸರಿಯಾಗಿ ಕಂದು ಬಣ್ಣ. ಗೇರ್ ಆಯಿಲ್ ಕೂಡ ಕಡಿಮೆ ಆಗುತ್ತಿದೆ, ಕೆಳಗೆ ಒಂದು ಹನಿ ಸೋರಿಲ್ಲ. ಕ್ಲಚ್ ಇರೋದು ಬಲಗಡೆ, ಗೇರ್ ಆಯಿಲ್ ಒಳಗೇ. ಹಾಗಾಗಿ ಅಲ್ಲಿನ ಕ್ರ್ಯಾಂಕ್ ಸೀಲ್ (ಆ ಆಯಿಲ್ ಎಂಜಿನ್ ಒಳಗೆ ಹೋಗದಂತೆ ತಡೆಯೋ ರಬ್ಬರ್ ಬಳೆ) ಹೋಗಿ ಎಂಜಿನ್ ಗೇರ್ ಆಯಿಲ್ ಎಳೆಯುತ್ತಿದೆ ಅಂತ ನನ್ನ ಅಂದಾಜು. ಸರಿ ಅಲ್ವಾ?

ಎಂಜಿನ್ ಪೂರ್ತಿ ಬಿಚ್ಚದೆ ಆ ಸೀಲ್ ಬದಲಿಸಿದವರು ಇದ್ದೀರಾ? ಶಿವಮೊಗ್ಗದಲ್ಲಿ ಟೂ ಸ್ಟ್ರೋಕ್ ಚೆನ್ನಾಗಿ ಗೊತ್ತಿರೋ ಹಳೇ ಮೆಕ್ಯಾನಿಕ್ ಇದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು. ಜಪಾನ್ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಮ್ಮದಕ್ಕೆ ಡ್ರಮ್. ಮಳೆಯಲ್ಲಿ ಆಗುಂಬೆ ಘಾಟಿ ಇಳಿಯೋಕೆ ಭಯ ಆಗುತ್ತದೆ. ಡಿಸ್ಕ್ ಕೂರಿಸಿದವರು ಯಾವ ಫೋರ್ಕ್ ಹಾಕಿದಿರಿ ಹೇಳಿ. ಹಳೇ ಡ್ರಮ್ ಚಕ್ರ ಮಾತ್ರ ಮಾರಲ್ಲ, ಜೋಪಾನವಾಗಿ ಎತ್ತಿಡುತ್ತೇನೆ.