ದೊಡ್ಡಮ್ಮನ ತಲೆಸುತ್ತು ಪಿತ್ತದ್ದಲ್ಲ, ಕಿವಿಯದ್ದು ಅನ್ಸುತ್ತೆ

ಎಲ್ರೂ ಸ್ವಲ್ಪ ಕೇಳಿಸ್ಕೊಳ್ಳಿ, ಉದ್ದ ಆಗುತ್ತೆ. ದೊಡ್ಡಮ್ಮ ಬೆಳಿಗ್ಗೆ ನಮ್ಮನೆ ಗ್ರೂಪಲ್ಲಿ ಹಾಕಿದ್ದು ನೋಡಿದೆ. ಹಾಸಿಗೇಲಿ ಬಲಗಡೆಗೆ ಹೊರಳಿದ್ರೆ ರೂಮೆಲ್ಲ ಗಿರ್ರಂತ ತಿರುಗುತ್ತೆ, ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ಕತ್ತೆತ್ತಿದ್ರೂ ಅದೇ ಗತಿ, ಆಮೇಲೆ ತಾನೇ ನಿಲ್ಲುತ್ತೆ ಅಂತ. ಅದರ ಕೆಳಗೆ ನಮ್ಮವರ ವೈದ್ಯಗಾರಿಕೆ! ಚಿಕ್ಕಪ್ಪ ಬಿಪಿ ಅಂದ್ರು, ಅತ್ತೆ ಪಿತ್ತ ಕೆರಳಿದೆ ನಿಂಬೆರಸ ಕುಡಿ ಅಂದ್ರು, ಇನ್ಯಾರೋ ಕತ್ತಿನ ಮೂಳೆ ಸವೆದಿದೆ ಕಾಲರ್ ಹಾಕ್ಕೋ ಅಂದ್ರು. ದಿನಾ ಬ್ಯಾಲೆನ್ಸ್ ಟೆಸ್ಟ್ ಮಾಡೋ ಕೆಲಸದಲ್ಲಿರೋ ನಾನು ಬಾಯಿ ಮುಚ್ಕೊಂಡಿರೋಕೆ ಆಗಲ್ಲ.

ಚಿಕ್ಕಪ್ಪ, ಬಿಪಿ ಇಳಿದ್ರೂ ತಲೆ ಸುತ್ತುತ್ತೆ, ಅದು ನಿಜ. ಆದ್ರೆ ಆಗ ಕೂತೋರು ದಡಕ್ಕನೆ ಎದ್ದಾಗ ಕಣ್ಣು ಕತ್ತಲೆ ಬರುತ್ತೆ, ಬಿದ್ದುಹೋಗ್ತೀನೇನೋ ಅನ್ಸುತ್ತೆ. ಮಲಗಿದಲ್ಲೇ ಮಗ್ಗುಲು ಬದಲಾಯಿಸಿದ್ರೆ ಬಿಪಿ ಯಾಕೆ ಇಳಿಯುತ್ತೆ ಹೇಳಿ? ಅಲ್ಲಿ ಬದಲಾಗೋದು ತಲೆ ಇರೋ ದಿಕ್ಕು ಒಂದೇ. ದಿಕ್ಕಿನ ಲೆಕ್ಕ ಇಡೋದು ಒಳಕಿವಿ.

ಪ್ರತಿ ಕಿವಿಯ ಒಳಗೂ ಮೂರು ಅರ್ಧವೃತ್ತದ ನಾಳ ಇವೆ, ಮೂರೂ ಮೂರು ದಿಕ್ಕಿಗೆ. ಒಳಗೆ ದ್ರವ. ತುಂಬಿದ ತಂಬಿಗೇನ ಗಿರ್ರನೆ ತಿರುಗಿಸಿದ್ರೆ ಒಳಗಿನ ನೀರು ಒಂದು ಕ್ಷಣ ಹಿಂದೆ ಉಳಿಯುತ್ತಲ್ಲ, ಹಾಗೇ ತಲೆ ತಿರುಗಿದಾಗ ಈ ದ್ರವ ಹಿಂದೆ ಬಿದ್ದು, ಅಲ್ಲಿರೋ ಸೂಕ್ಷ್ಮ ಕೂದಲಿನ ಜೀವಕೋಶಗಳನ್ನ ಬಗ್ಗಿಸುತ್ತೆ. ಮೆದುಳಿಗೆ ಸುದ್ದಿ ಹೋಗುತ್ತೆ, ಕಣ್ಣು ತಕ್ಷಣ ಎದುರು ದಿಕ್ಕಿಗೆ ಸರಿದು ನೋಟಾನ ನೆಟ್ಟಗಿಡುತ್ತೆ. ನಡೀತಾ ನಡೀತಾ ಬಸ್ಸಿನ ಬೋರ್ಡ್ ಓದೋಕಾಗೋದು ಇದರಿಂದಾನೇ. ನಾಳಗಳ ಪಕ್ಕದಲ್ಲಿ ಇನ್ನೆರಡು ಪುಟ್ಟ ಚೀಲ ಇವೆ. ಲಿಫ್ಟ್ ಮೇಲಕ್ಕೆ ಹೋಗ್ತಿದೆ, ಬಸ್ಸು ಬ್ರೇಕ್ ಹಾಕ್ತು, ತಲೆ ವಾಲಿದೆ ಅಂತ ಹೇಳೋದು ಅವು. ಅವುಗಳಲ್ಲಿ ಜೆಲ್ಲಿ ಥರದ್ದರ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಹರಳು ಕೂತಿರುತ್ತೆ. ಹೌದು ದೊಡ್ಡಮ್ಮ, ಕಿವೀಲಿ ಹರಳು, ಆದ್ರೆ ಕಿಡ್ನಿ ಹರಳಿಗೂ ಇದಕ್ಕೂ ಸಂಬಂಧ ಇಲ್ಲ, ಇವು ಎಲ್ಲರಿಗೂ ಇರಬೇಕಾದ್ದೇ.

ವಯಸ್ಸಾದ ಮೇಲೆ, ಇಲ್ಲ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಹರಳು ಕಳಚಿಕೊಂಡು ನಾಳದೊಳಗೆ ಜಾರುತ್ತವೆ, ಹೆಚ್ಚಾಗಿ ಹಿಂದಿನ ನಾಳಕ್ಕೆ. ತಲೆ ಆ ಕಿವಿಯ ಕಡೆ ಹೊರಳಿದಾಗ ಹರಳು ಉರುಳಿ ದ್ರವಾನೂ ಎಳೆದುಕೊಂಡು ಹೋಗುತ್ತೆ. ತಲೆ ನಿಂತಿದೆ, ಆದ್ರೆ ಕಿವಿ ತಿರುಗ್ತಿದೆ ಅನ್ನುತ್ತೆ, ಕಣ್ಣು ಕಿವಿ ಮಾತು ಕೇಳಿ ಎಳೆದಾಡುತ್ತೆ. ಹರಳು ತಳ ಸೇರಿದ್ಮೇಲೆ ಎಲ್ಲ ಶಾಂತ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ. ಇದಕ್ಕೆ ಬಿಪಿಪಿವಿ ಅಂತಾರೆ, ಅಂದ್ರೆ ತಲೆಯ ಭಂಗಿ ಬದಲಾದಾಗ ಥಟ್ಟನೆ ಬರೋ ತಲೆಸುತ್ತು. ಗಡಿಯಾರ ನೋಡಿ ಹೇಳಿ ದೊಡ್ಡಮ್ಮ, ಎಷ್ಟು ಹೊತ್ತು ತಿರುಗುತ್ತೆ? ನಿಮ್ಮ ಸ್ಕ್ಯಾನಿಂಗ್ ರಿಪೋರ್ಟಿಗಿಂತ ನನಗೆ ಈ ಉತ್ತರ ಮುಖ್ಯ.

ಯಾಕಂದ್ರೆ ಎಲ್ಲ ತಲೆಸುತ್ತೂ ಹರಳಿನದ್ದಲ್ಲ. ಇಪ್ಪತ್ತು ನಿಮಿಷದಿಂದ ಹಿಡಿದು ಗಂಟೆಗಟ್ಟಲೆ ತಿರುಗಿ, ಜೊತೆಗೆ ಒಂದು ಕಿವಿ ಕಟ್ಟಿದ ಹಾಗೆ, ಗುಂಯ್ ಅಂತ ಸದ್ದು, ಕೇಳಿಸೋದು ಕಮ್ಮಿ ಆದ್ರೆ ಮೆನಿಯರ್ ಕಾಯಿಲೆ ಇರಬಹುದು. 1861ರಲ್ಲಿ ಪ್ಯಾರಿಸ್ಸಿನ ಡಾಕ್ಟರು ಪ್ರಾಸ್ಪರ್ ಮೆನಿಯರ್ ಈ ಥರದ ತಲೆಸುತ್ತು ಮೆದುಳಿನದ್ದಲ್ಲ, ಕಿವಿಯದ್ದು ಅಂತ ಹೇಳಿದ್ರು, ಆ ಹೆಸರೇ ನಿಂತಿತು. ಈ ಕಾಯಿಲೆ ಇರೋರಿಗೆ ಉಪ್ಪು ಕಮ್ಮಿ ಮಾಡೋಕೆ ಹೇಳ್ತಾರೆ, ಉಪ್ಪಿನಕಾಯಿ ಹಪ್ಪಳ ಬಿಡೋದೇ ನಮ್ಮೋರಿಗೆ ಕಷ್ಟ. ದಿನಗಟ್ಟಲೆ ಬಿಡದೆ ತಿರುಗಿದ್ರೆ ಒಳಕಿವಿಯ ಬ್ಯಾಲೆನ್ಸ್ ನರದ ಉರಿಯೂತ ಇರಬಹುದು. ಮೈಗ್ರೇನ್ ಇರೋರಿಗೆ ತಲೆನೋವಿಲ್ಲದೇನೂ ತಲೆಸುತ್ತು ಬರುತ್ತೆ.

ಇನ್ನೊಂದು ವಿಷಯ, ಇದಕ್ಕೆ ಮಾತ್ರ ಯಾರೂ ನಿಂಬೆರಸ ಹುಡುಕ್ತಾ ಕೂರಬೇಡಿ. ತಲೆಸುತ್ತಿನ ಜೊತೆ ಮಾತು ತೊದಲಿದ್ರೆ, ಒಂದು ಎರಡಾಗಿ ಕಂಡ್ರೆ, ಮುಖ ಸೊಟ್ಟ ಆದ್ರೆ, ಕೈಕಾಲು ಬಲ ಕಳ್ಕೊಂಡ್ರೆ, ಹಿಂದೆಂದೂ ಇಲ್ಲದ ತಲೆನೋವು ಬಂದ್ರೆ, ಹಿಡ್ಕೊಂಡ್ರೂ ನಿಲ್ಲೋಕಾಗದಿದ್ರೆ, ಅದು ಪಾರ್ಶ್ವವಾಯು ಇರಬಹುದು. ಆ ಕ್ಷಣವೇ ದೊಡ್ಡಾಸ್ಪತ್ರೆಗೆ.

ದೊಡ್ಡಮ್ಮನದ್ದು ಹರಳೇ ಆಗಿದ್ರೆ ಖುಷಿ ಪಡಬೇಕು ಅಂತೀನಿ, ಬೈಕೋಬೇಡಿ. ಮೊದಲು ಮಂಚದ ಮೇಲೆ ಕೂರಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಹಿಂದಕ್ಕೆ ಮಲಗಿಸಿ, ಕಣ್ಣು ಎಳೆದಾಡುತ್ತಾ ಅಂತ ನೋಡ್ತಾರೆ. ಡಿಕ್ಸ್ ಹಾಲ್‌ಪೈಕ್ ಪರೀಕ್ಷೆ, 1952ರಿಂದ ಇದೆ, ಯಾವ ಮೆಷಿನ್ನೂ ಬೇಡ. ಆಮೇಲೆ ತಲೆಯನ್ನ ಹಂತಹಂತವಾಗಿ ತಿರುಗಿಸ್ತಾ ಹರಳನ್ನ ಬಂದ ದಾರೀಲೇ ವಾಪಸ್ ಚೀಲಕ್ಕೆ ಉರುಳಿಸ್ತಾರೆ. ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ ಅನ್ನೋ ಕಿವಿ ಡಾಕ್ಟರು ಇದನ್ನ 1980ರ ಹೊತ್ತಿಗೇ ಕಂಡುಹಿಡಿದ್ರು. ಔಷಧಿ ಇಲ್ಲ, ಆಪರೇಷನ್ ಇಲ್ಲ, ತಲೆ ತಿರುಗಿಸಿ ತಲೆಸುತ್ತು ವಾಸಿ ಮಾಡ್ತಾನಂತೆ ಅಂತ ಸಹೋದ್ಯೋಗಿಗಳೇ ನಕ್ಕರು, ಅವರ ಲೇಖನ ಅಚ್ಚಾಗಿದ್ದು 1992ರಲ್ಲಿ. ಈಗ ಪ್ರಪಂಚವೆಲ್ಲ ಮಾಡೋದು ಅದನ್ನೇ. ಬಹಳ ಜನಕ್ಕೆ ಒಂದೆರಡು ಸಲಕ್ಕೇ ಗುಣ ಆಗುತ್ತೆ. ಮರುಕಳಿಸೋದೂ ಉಂಟು, ವಿಟಮಿನ್ ಡಿ ಕಮ್ಮಿ ಇರೋರಿಗೆ ಜಾಸ್ತಿ.

ನನಗೆ ಸಿಟ್ಟು ಬರೋದು ಮಾತ್ರೆ ವಿಷಯಕ್ಕೆ. ತಲೆಸುತ್ತು ಅಂದ ತಕ್ಷಣ ಮಾತ್ರೆ ಬರೆದುಕೊಡ್ತಾರೆ, ನಮ್ಮೋರು ಅದೇ ಚೀಟಿ ಹಿಡ್ಕೊಂಡು ವರ್ಷಗಟ್ಟಲೆ ಮೆಡಿಕಲ್ ಶಾಪಿಂದ ತರ್ತಾರೆ. ವಾಂತಿ, ಸಂಕಟಕ್ಕೆ ನಾಲ್ಕು ದಿನ ತಗೊಂಡ್ರೆ ಸರಿ. ಹರಳನ್ನ ಯಾವ ಮಾತ್ರೆಯೂ ಜಾಗಕ್ಕೆ ತರಲ್ಲ. ತಲೆಸುತ್ತು ಅಡಗಿಸೋ ಮಾತ್ರೆಗಳನ್ನ ಬಹಳ ದಿನ ನುಂಗಿದ್ರೆ ಮೆದುಳು ತಾನಾಗಿ ಹೊಂದಿಕೊಳ್ಳೋದೂ ನಿಧಾನ ಆಗುತ್ತೆ, ಮಂಪರಲ್ಲಿ ವಯಸ್ಸಾದೋರು ಬೀಳ್ತಾರೆ.

ಯೂಟ್ಯೂಬ್ ನೋಡ್ಕೊಂಡು ಮನೇಲೇ ತಲೆ ತಿರುಗಿಸೋಕೆ ಹೋಗ್ಬೇಡಿ, ಪುಟ್ಟಿ, ನಿನಗೇ ಹೇಳ್ತಿರೋದು. ಯಾವ ಕಿವಿ, ಯಾವ ನಾಳ ಗೊತ್ತಾಗದೆ ಮಾಡಿದ್ರೆ ಹರಳು ಇನ್ನೊಂದು ನಾಳಕ್ಕೆ ಹೋಗಬಹುದು, ದೊಡ್ಡಮ್ಮನ ಕತ್ತೂ ನೋಡ್ಕೋಬೇಕು. ಮೈಸೂರಲ್ಲೇ ಇದೀರಲ್ಲ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೇಲಿ ವಿಚಾರಿಸಿ, ಇಲ್ಲ ಹತ್ತಿರದ ಕಿವಿ ಮೂಗು ಗಂಟಲು ಡಾಕ್ಟರ ಹತ್ರ "ಮಲಗಿಸಿ ಟೆಸ್ಟ್ ಮಾಡ್ತೀರಾ" ಅಂತ ಬಾಯಿಬಿಟ್ಟು ಕೇಳಿ. ಅಲ್ಲೀತನಕ ರಾತ್ರಿ ಬಾತ್‌ರೂಮಿನ ಲೈಟ್ ಹಾಕಿರಲಿ, ಸ್ಟೂಲ್ ಹತ್ತೋದು ಬೇಡ. ಟೆಸ್ಟಿಗೆ ಮುಂಚೆ ತಲೆಸುತ್ತಿನ ಮಾತ್ರೆ ನಿಲ್ಲಿಸಬೇಕಾ ಅಂತ ಫೋನಲ್ಲೇ ಕೇಳ್ಕೊಳ್ಳಿ, ಬಿಪಿ ಮಾತ್ರೆ ಮಾತ್ರ ಬಿಡಬೇಡಿ. ಹೊಟ್ಟೆ ತುಂಬ ತಿಂದು ಹೋಗ್ಬೇಡಿ, ವಾಂತಿ ಬರಬಹುದು. ಪುಟ್ಟಿ, ಆಟೋ ಮಾಡ್ಕೊಂಡು ಜೊತೇಲಿ ನೀನೇ ಹೋಗು.