ಮಸಾರಿ ಹೊಲದಲ್ಲಿ ಡಿಟೆಕ್ಟರ್ ನಂಬರ್ ಕುಣೀತೈತೆ: ತೋರ್ಸೋದು 78, ಅಗೆದ್ರೆ ಲಾಳ

ಶೇಂಗಾಹೊಲ, ಸಂಡೂರು ತಾಲೂಕು

ಯಂತ್ರ ವಿಎಲ್‌ಎಫ್ (ಕಡಿಮೆ ಫ್ರೀಕ್ವೆನ್ಸಿ) ಮೆಟಲ್ ಡಿಟೆಕ್ಟರ್, 12 ಕಿಲೋಹರ್ಟ್ಸ್, 11 ಇಂಚಿನ ಡಬಲ್-ಡಿ ಕಾಯಿಲ್ (ನೆಲದ ಮೇಲೆ ಬೀಸೋ ತಟ್ಟೆ), ಲೋಹ ಯಾವುದು ಅಂತ ಹೇಳೋ ನಂಬರ್ 0ರಿಂದ 99, ಕಬ್ಬಿಣ ಕೆಳಗೆ, ಬೆಳ್ಳಿ ಮೇಲೆ. ಹೊಲ ತೋರಣಗಲ್ಲು ಕಡೆಯ ಮಸಾರಿ, ಶೇಂಗಾ ಕಿತ್ತಾಗೈತೆ. ಕೆಲಸ ಎರಡು: ಕೀಳುವಾಗ ಕರಿಮಣಿ ಸರ ಹರಿದು ಬಿದ್ದ ತಾಳಿ ಗುಂಡು ಹುಡುಕ್ಬೇಕು, ರೋಟಾವೇಟರ್ ಹೊಡೆಸೋಕ್ಕಿಂತ ಮುಂಚೆ ಹಳೇ ಕಬ್ಬಿಣ ತೆಗೀಬೇಕು.

ಸೆನ್ಸಿಟಿವಿಟಿ 95. ಡಿಸ್ಕ್ರಿಮಿನೇಷನ್ 25ರ ತನಕ, ಅಂದ್ರೆ ಅದ್ರ ಕೆಳಗಿನದಕ್ಕೆ ಸದ್ದು ಬಂದ್, ನಂಬರ್ ಮಾತ್ರ. ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸಿಗ್ನಲ್ ಕಳೆಯೋ ಸೆಟ್ಟಿಂಗ್) ಮುಟ್ಟಿಲ್ಲ, ಫ್ಯಾಕ್ಟರಿದೇ ಐತೆ. ಒಂದೇ ಜಾಗಕ್ಕೆ ಒಮ್ಮೆ 12, ಒಮ್ಮೆ 40, ಒಮ್ಮೆ 78. 78 ನಂಬಿ ಅಗೆದಲ್ಲೆಲ್ಲ ಎತ್ತಿನ ಲಾಳ ಇಲ್ಲಾ ತುಕ್ಕು ತಗಡು. ಕಾಯಿಲ್ ಕೆಟ್ಟೈತಾ?

ಕಾಯಿಲ್_ಕೊಪ್ಪಳ

ಕಾಯಿಲ್ ಕೆಟ್ಟಿಲ್ರಿ. ಮಣ್ಣು ಮಾತಾಡಾಕತ್ತೈತಿ, ಅದನ್ನ ನೀವು ಸಾಮಾನು ಅಂತ ಓದಾಕತ್ತೀರಿ.

ಹಳೇ ಸ್ಪೀಕರಿನ ಆಯಸ್ಕಾಂತ ಒಂದು ಪ್ಲಾಸ್ಟಿಕ್ ಚೀಲದಾಗ ಸುತ್ತಿ, ಒಣ ಮಣ್ಣಿನ ಮ್ಯಾಲೆ ಒಂದು ಮಾರು ಎಳೀರಿ. ಕರಿ ಮೀಸಿ ಹಂಗ ಪುಡಿ ನಿಂತ್ರ ತಿಳ್ಕೊಳ್ರಿ, ಮ್ಯಾಗ್ನಟೈಟ್, ಮ್ಯಾಗ್ಹೆಮೈಟ್ ಅನ್ನೋ ಕಾಂತಕ್ಕ ಎಳೆಯೋ ಕಬ್ಬಿಣದ ಅದಿರಿನ ಕಣ ಐತಿ. ಬರೀ ಹೆಮಟೈಟ್ ಅದಿರು ಇದ್ರ ಇಷ್ಟು ಕಾಟ ಇರೋದಿಲ್ಲ. ಅದಿರು ಲಾರಿ ಓಡಾಡೋ ರಸ್ತಿ ಬದಿ ಹೊಲ ಆದ್ರ ಮ್ಯಾಲಿನ ಪದರದಾಗ ಉದುರಿದ ಪುಡಿನೂ ಸೇರಿರ್ತೈತಿ.

ಗ್ರೌಂಡ್ ಬ್ಯಾಲೆನ್ಸ್ ಹಿಂಗ ಮಾಡ್ರಿ:

1. ಡಿಸ್ಕ್ರಿಮಿನೇಷನ್ ಪೂರ್ತಿ ತೆಗೀರಿ, ಆಲ್-ಮೆಟಲ್‌ಗೆ ಹಾಕ್ರಿ. ಯಾವ ಸಾಮಾನೂ ಇಲ್ಲದ ಒಂದು ಗಜ ಜಾಗ ಹುಡುಕ್ರಿ.
2. ಕಾಯಿಲ್ 30 ಸೆಂಟಿಮೀಟರ್ ಎತ್ತಿ, ನೆಲಕ್ಕ 3 ಸೆಂಟಿಮೀಟರ್ ತನಕ ಇಳಿಸ್ರಿ. ಏರಿಸಿ ಇಳಿಸಿ ಮಾಡ್ತಾ, ಎರಡೂ ಕಡಿ ಸದ್ದು ಸಮ ಆಗೋ ತನಕ ಗ್ರೌಂಡ್ ಬ್ಯಾಲೆನ್ಸ್ ನಾಬ್ ತಿರುಗಿಸ್ರಿ. ಇಳಿಸುವಾಗ ಒಂಚೂರು ಸದ್ದು ಉಳಿದ್ರ ಒಳ್ಳೇದು, ಪೂರ್ತಿ ಸತ್ರ ಸಣ್ಣ ಸಾಮಾನೂ ಅದರ ಜೊತಿ ಸಾಯ್ತೈತಿ.
3. ಮಣ್ಣಿನ ಬಣ್ಣ ಬದಲಾದಲ್ಲೆಲ್ಲ ಮತ್ತ ಮಾಡ್ರಿ. ಬದುವಿನ ಹತ್ರ ಒಂದಿದ್ರ ನಡು ಹೊಲದಾಗ ಇನ್ನೊಂದಿರ್ತೈತಿ.

ಆಟೋ ಟ್ರ್ಯಾಕಿಂಗ್ (ಯಂತ್ರ ತಾನೇ ಬ್ಯಾಲೆನ್ಸ್ ಮಾಡ್ಕೊಳ್ಳೋದು) ಇದ್ರ ಬಂದ್ ಮಾಡ್ರಿ. ಒಂದೇ ಸಿಗ್ನಲ್ ಮ್ಯಾಲೆ ನಾಕು ಸಲ ಬೀಸಿದ್ರ ಅದನ್ನೂ ಮಣ್ಣು ಅಂತ ಲೆಕ್ಕಕ್ಕ ತಗೊಂಡು ಅಳಿಸಿಬಿಡ್ತೈತಿ.

ಸೆನ್ಸಿಟಿವಿಟಿ 95 ಬ್ಯಾಡ, 60-65ಕ್ಕ ತರ್ರಿ. ಆಳ ಒಂದೆರಡು ಬೆರಳು ಕಡಿಮಿ ಆಗಬಹುದು, ನಂಬರ್ ನಿಂತ್ಕೊಳ್ತೈತಿ.

ಎರಿಮಣ್ಣು_ರಾಯಚೂರು

78ರ ಲೆಕ್ಕ ಹೇಳ್ತೀನಿ ಕೇಳ್ರಿ. ಕಬ್ಬಿಣಕ್ಕ ಎರಡು ಗುಣ ಅದಾವ: ಕಾಂತಕ್ಕ ಎಳೆಯೋದು ಒಂದು, ಕರೆಂಟ್ ಹರಿಸೋದು ಇನ್ನೊಂದು. ಮೊಳಿಯಂಥ ಸಣ್ಣದ್ರಾಗ ಮೊದಲನೇದು ಗೆಲ್ತದ, ನಂಬರ್ ಕೆಳಗ ಬೀಳ್ತದ. ಲಾಳ, ವಾಷರ್, ತಗಡು, ಬಾಟ್ಲಿ ಮುಚ್ಚಳ ಇವೆಲ್ಲ ಚಪ್ಪಟಿ ಇಲ್ಲಾ ಬಳಿ ಆಕಾರ. ಅದರ ಮೈಮ್ಯಾಲೆ ಕರೆಂಟ್ ಸುತ್ತಾಡ್ತದ, ಯಂತ್ರ ಬೆಳ್ಳಿ ಅಂತ ಓದ್ತದ. ತುಕ್ಕು ಹಿಡಿದು ಸುತ್ತಲ ಮಣ್ಣಿಗೂ ಇಳಿದಿದ್ರ ಇನ್ನೂ ಜಾಸ್ತಿ ಕುಣಿತದ.

ಅದಕ್ಕ ನಂಬರ್ ನೋಡೋದು ಕಡೀಕ. ಮೊದಲು ಉತ್ತರ-ದಕ್ಷಿಣ ಬೀಸ್ರಿ, ಆಮ್ಯಾಲೆ ಅದೇ ಜಾಗದ ಮ್ಯಾಲೆ ಪೂರ್ವ-ಪಶ್ಚಿಮ. ದುಂಡನ್ನ ನಾಣ್ಯ, ಉಂಗುರ ಎರಡೂ ಕಡೆ ಹೆಚ್ಚುಕಡಿಮಿ ಅದೇ ನಂಬರ್ ಕೊಡ್ತಾವ, ಮೂರು-ನಾಕು ಅಂಕಿ ಆಕಡೀಕ ಈಕಡೀಕ. ಕಬ್ಬಿಣ ಒಂದು ದಿಕ್ಕಿಗೆ 78, ಇನ್ನೊಂದಕ್ಕ 20. ಆಮ್ಯಾಲೆ ಕಾಯಿಲ್ ಒಂದು ಗೇಣು ಎತ್ರಿ. ಸಣ್ಣ ಸಾಮಾನು ತಟ್ಟನೆ ಮಾಯ, ಗೇಣು ಎತ್ತಿದ್ರೂ ಕೂಗ್ತಾನೇ ಇದ್ರ ದೊಡ್ಡದು. ಬಂಡಿ ಕಡಾಣಿ, ಕುಂಟಿ ತಾಳು ಇರಬಹುದು, ರೋಟಾವೇಟರಿಗೆ ಅದೇ ಬೇಕಾಗಿರೋದು, ಅಗೀರಿ. ಎರಡು ಬೆರಳು ಎತ್ತಿದ ಕೂಡ್ಲೇ ಸದ್ದು ಹೋಗಿ, ತಿರುಗಿ ಬೀಸಿದಾಗ ಜಾಗಾನೂ ಸರಿದ್ರ ಅದು ಅದಿರಿನ ಕಲ್ಲು, ಬಿಟ್ಟು ಮುಂದ ಹೋಗ್ರಿ.

ಶೇಂಗಾಹೊಲ

ಬ್ಯಾಲೆನ್ಸ್ ಆಯ್ತು, ಸೆನ್ಸಿಟಿವಿಟಿ 62. ಕುಣಿತ ಮುಕ್ಕಾಲು ನಿಂತೈತೆ, ಅಡ್ಡ-ಉದ್ದ ಬೀಸಿದ್ರೆ ಲಾಳ ಗೊತ್ತಾಗ್ತೈತೆ. ಗುಂಡು ಮಾತ್ರ ಇಲ್ಲ. ಕಾಳುಮೆಣಸಿನಷ್ಟು ಗಾತ್ರ, ಒಳಗೆ ಪೊಳ್ಳು.

ಕಾಯಿಲ್_ಕೊಪ್ಪಳ

ಡಿಸ್ಕ್ರಿಮಿನೇಷನ್ 25 ಇಟ್ಟು ಅದನ್ನ ಹುಡುಕಿದ್ರ ಸಿಗೂದಿಲ್ಲ. ಬಂಗಾರ ಅಂದ್ರ ಮ್ಯಾಲಿನ ನಂಬರ್ ಅನ್ನೋದು ತಪ್ಪು ಲೆಕ್ಕ. ಗುಂಡು, ಮೂಗುತಿ ಇಂಥ ತೆಳು ಸಾಮಾನು ಗುಳಿಗಿ ಪಟ್ಟಿಯ ಅಲ್ಯೂಮಿನಿಯಂ ಬೀಳೋ ಜಾಗದಾಗ ಬೀಳ್ತಾವ, ಒಮ್ಮೊಮ್ಮೆ ಕಬ್ಬಿಣದ ಗಡಿ ಒಳಗೇ. ಆಳ ಹೆಚ್ಚಾದಂಗ ಈ ಮಣ್ಣಿನಾಗ ನಂಬರ್ ಕಬ್ಬಿಣದ ಕಡಿ ಜಾರ್ತೈತಿ. ಇನ್ನ ಸರದ ಮಾತು ಬಂದ್ರ, ಯಂತ್ರ ಇಡೀ ಸರ ನೋಡೂದಿಲ್ಲ, ಒಂದೊಂದೇ ಕೊಂಡಿ ನೋಡ್ತೈತಿ. ಕರಿಮಣಿ ಗಾಜು, ಅದಕ್ಕ ಸದ್ದೇ ಇಲ್ಲ.

ಉಳಿದ ಸರದಿಂದ ಅಂಥದೇ ಒಂದು ಗುಂಡು ಇಸ್ಕೊಳ್ರಿ. ಸಣ್ಣ ಪ್ಲಾಸ್ಟಿಕ್ ಚೀಲಕ್ಕ ಹಾಕಿ, ಮಾರುದ್ದ ಕೆಂಪು ದಾರ ಕಟ್ಟಿ (ದಾರ ಮರೀಬ್ಯಾಡ್ರಿ, ಎರಡನೇ ಗುಂಡೂ ಕಳದೀತು), ಅದೇ ಹೊಲದಾಗ 2, 5, 8 ಸೆಂಟಿಮೀಟರ್ ಆಳದಾಗ ಒಂದೊಂದು ಸಲ ಹೂತು ನೋಡ್ರಿ. ಎಷ್ಟು ನಂಬರ್, ಎಲ್ಲಿಗೆ ಮಾಯ ಅನ್ನೋದು ಬರಕೊಳ್ರಿ. 11 ಇಂಚಿನ ಕಾಯಿಲ್‌ಗೆ 5ರಲ್ಲೇ ಹೋದ್ರ 6 ಇಂಚಿಂದು ಹಾಕ್ರಿ. ಅದು ಕಡಿಮಿ ಮಣ್ಣು ನೋಡ್ತೈತಿ, ಪಕ್ಕದ ಮೊಳಿ ಬ್ಯಾರೆ, ಗುಂಡು ಬ್ಯಾರೆ ಅಂತ ಬಿಡಿಸ್ತೈತಿ. 15-20 ಕಿಲೋಹರ್ಟ್ಸ್ ಇರೋ ಯಂತ್ರ ಸಿಕ್ರ ಇನ್ನೂ ಚಲೋ.

ಪರೀಕ್ಷೆಗೆ ಈಗಿನ ಒಂದು ರೂಪಾಯಿ ಹೂಳಬ್ಯಾಡ್ರಿ. 1992ರಿಂದ ಅದು ಸ್ಟೀಲು, ಕಬ್ಬಿಣದ ಕಡೀಗೇ ಹೋಗ್ತೈತಿ. 1980ರ ದಶಕದ ತಾಮ್ರ-ನಿಕಲ್ ರೂಪಾಯಿ ಇದ್ರ ಇಡ್ರಿ.

ಎರಿಮಣ್ಣು_ರಾಯಚೂರು

ಇಡೀ ಹೊಲ ಯಾಕ ಬೀಸ್ತೀರಿ? ಗಿಡ ಒಟ್ಟಿದ ಜಾಗ, ಕೂತು ಕಾಯಿ ಬಿಡಿಸಿದ ಜಾಗ ಮೊದಲು. ಒಂದು ಗಜಕ್ಕೊಂದು ದಾರ ಎಳೀರಿ. ಪ್ರತಿ ಬೀಸು ಹಿಂದಿನದ್ರ ಅರ್ಧ ಕಾಯಿಲ್ ಮ್ಯಾಲೆ ಬರಬೇಕು, ಬೀಸಿಗೆ ಎರಡು ಸೆಕೆಂಡು.

ಸಿಗದಿದ್ರ ನಾಕು ಬೆರಳು ಮ್ಯಾಲ್ಮಣ್ಣು ಸಲಿಕಿಲಿಂದ ಎತ್ತಿ ಜರಡಿ ಹಿಡೀರಿ. ಜರಡಿಯಾಗ ಉಳಿದದ್ದನ್ನ ತಾಡಪಾಲ ಮ್ಯಾಲೆ ತೆಳ್ಳಗ ಹರವಿ, ಮೊದಲು ಆಯಸ್ಕಾಂತ ಆಡಿಸಿ ಕಬ್ಬಿಣ ತೆಗೆದು, ಆಮ್ಯಾಲೆ ಕಾಯಿಲ್. ಜರಡಿ ಕಣ್ಣು ಗುಂಡಿಗಿಂತ ಸಣ್ಣದಿರಲಿ, ಶೇಂಗಾ ಜರಡಿ ನಡೆಯೂದಿಲ್ಲ.

ಪಂಪ್‌ಸೆಟ್ ಲೈನ್ ಹತ್ರ ಯಂತ್ರ ಗುರ್ ಅಂದ್ರ ಫ್ರೀಕ್ವೆನ್ಸಿ ಶಿಫ್ಟ್ ಒತ್ರಿ, ಇಲ್ಲಾ ತ್ರೀ ಫೇಸ್ ಹೋದ ಹೊತ್ತಿಗೆ ಬೀಸ್ರಿ. ನಮ್ಮ ಸಿಂಧನೂರು, ಸಿರುಗುಪ್ಪ ಕಡೆ ನೀರಾವರಿ ಎರಿಯಾಗ ಅದಿರಿನ ಕಾಟ ಇಲ್ಲ, ಉಪ್ಪಿನ ಕಾಟ. ಹಸಿ ಇದ್ದಾಗ ಸವುಳು ಮಣ್ಣೇ ಕರೆಂಟ್ ಹರಿಸಿ ಸಣ್ಣ ಬಂಗಾರದ ನಂಬರಿನಾಗ ಕೂಗ್ತದ. ಅಲ್ಲಿ ಒಣಗೋ ತನಕ ಕಾಯೋದೇ ಸೈ.

ಕೋಟೆಬಾಗಿಲು, ಬಳ್ಳಾರಿ

ಇದನ್ನು ಓದಿ "ನಿಧಿ"ಗೆ ಹೊರಡುವವರಿಗೆ ಒಂದು ಮಾತು. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ನೆಲದೊಳಗೆ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಬಳ್ಳಾರಿ ಕೋಟೆ, ಮಸ್ಕಿಯ ಅಶೋಕ ಶಾಸನದಂಥ ಸಂರಕ್ಷಿತ ಸ್ಮಾರಕಗಳ ಬಳಿ ಗುದ್ದಲಿ ಹಾಕಲೇಬೇಡಿ.

ಶೇಂಗಾಹೊಲ

ಗುಂಡು ಹೂತು ನೋಡಿದೆ: 2ಕ್ಕೆ ನಂಬರ್ 19, 5ಕ್ಕೆ 14ರಿಂದ 22 ಓಡಾಡ್ತೈತೆ, 8ಕ್ಕೆ ಏನೂ ಇಲ್ಲ. 25ರ ಕೆಳಗಿನದೆಲ್ಲ ಇಷ್ಟು ದಿನ ನಾನೇ ಬಾಯಿ ಮುಚ್ಚಿಸಿದ್ದೆ. ನಾಳೆ ಕಾಯಿ ಬಿಡಿಸಿದ ಜಾಗದಿಂದ ಜರಡಿ ಶುರು.