ದಸರಾ ಬೊಂಬೆಗಳ ಫೋಕಸ್ ಸ್ಟ್ಯಾಕಿಂಗ್: ಅಂಚಿನಲ್ಲಿ ಹೊಗೆಯಂಥ ಮಬ್ಬು ಯಾಕೆ?

ಪ್ರಶ್ನೆ
ಬೊಂಬೆ ಹಬ್ಬಕ್ಕೆ ಜೋಡಿಸಿದ ಮದುವೆ ಮನೆ ದೃಶ್ಯ. ಮುಂದೆ ಚನ್ನಪಟ್ಟಣದ ಓಲಗದವರು, ನಡುವೆ ಪಟ್ಟದ ಬೊಂಬೆಗಳು, ಹಿಂದೆ ಚಪ್ಪರ. ಆಳ 24 ಸೆಂ.ಮೀ., ಮುಂದಿನ ಸಾಲಿನಲ್ಲಿ ಫ್ರೇಮಿನ ಅಗಲ 12 ಸೆಂ.ಮೀ. ಎಪಿಎಸ್-ಸಿ (ಸುಮಾರು 24 ಮಿ.ಮೀ. ಅಗಲದ ಸೆನ್ಸರ್) ಕ್ಯಾಮೆರಾ, 60 ಎಂಎಂ ಮ್ಯಾಕ್ರೋ ಲೆನ್ಸ್. ಲೆನ್ಸಿನ ರಂಧ್ರ (ಅಪರ್ಚರ್) ಕಿರಿದಾಗಿಸಿ ಎಫ್/16 ಇಟ್ಟರೂ ಚಪ್ಪರ ಮಸುಕು. ಎಫ್/5.6ರಲ್ಲಿ ಫೋಕಸ್ ಮುಂದಿನಿಂದ ಹಿಂದಕ್ಕೆ ಸರಿಸುತ್ತ 12 ಫೋಟೋ ತೆಗೆದು ಸ್ಟ್ಯಾಕ್ ಮಾಡಿದರೆ (ಎಲ್ಲದರ ಸ್ಪಷ್ಟ ಭಾಗಗಳನ್ನು ಒಂದೇ ಚಿತ್ರವಾಗಿ ಸೇರಿಸಿದರೆ) ಹಾಸಿದ ಚಾಪೆಯ ಮೇಲೆ ಅಡ್ಡಡ್ಡ ಮಸುಕು ಪಟ್ಟಿಗಳು, ಓಲಗದವನ ಪೇಟದ ಸುತ್ತ ಹೊಗೆಯಂಥ ಅಂಚು. ಎಲ್ಲಿ ತಪ್ಪುತ್ತಿದೆ?

ಉತ್ತರ 1
ಪಟ್ಟಿಗಳಿಗೆ ಕಾರಣ ಫೋಟೋ ಸಾಲದಿರುವುದು. ನಿಮ್ಮ ಫ್ರೇಮಿಗೆ ವರ್ಧನೆ (ಸೆನ್ಸರ್ ಮೇಲೆ ಬೀಳುವ ಚಿತ್ರಕ್ಕೂ ನಿಜವಾದ ಗಾತ್ರಕ್ಕೂ ಇರುವ ಅನುಪಾತ) ಸುಮಾರು 0.2. ಅಲ್ಲಿ ಎಫ್/5.6ಕ್ಕೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು 7 ಮಿ.ಮೀ., ಎಫ್/8ಕ್ಕೆ 10, ಎಫ್/16ಕ್ಕೆ 19. ಬೇಕಿರುವುದು 240. ಎಫ್/16 ಯಾವ ಮೂಲೆಗೂ ಸಾಲದು, ಮೇಲಾಗಿ ಡಿಫ್ರಾಕ್ಷನ್‌ನಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಬಣ್ಣದ ಸಣ್ಣ ಗೆರೆಗಳು ಮಂಕಾಗುತ್ತವೆ.

ಎಫ್/8 ಇಡಿ. ಹಿಂದೆ ಹೋದಂತೆ ಪ್ರತಿ ಫೋಟೋದ ಆಳ ಹಿಗ್ಗುತ್ತದೆ, ಚಪ್ಪರದ ಹತ್ತಿರ 3 ಸೆಂ.ಮೀ. ಆಸುಪಾಸು. ಆದ್ದರಿಂದ ಮೂರನೇ ಒಂದು ಭಾಗ ಒಂದರ ಮೇಲೊಂದು ಬಂದರೂ 25 ಫೋಟೋ ಸಾಕು. ಅತಿ ಮುಂದಿನ ವಸ್ತುವಿಗಿಂತ ತುಸು ಈಚೆಯಿಂದಲೇ ಶುರು ಮಾಡಿ. ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸುವ ರೈಲ್ ಬೇಡ, ಫೋಕಸ್ ರಿಂಗ್ ತಿರುಗಿಸಿ. ಇಷ್ಟು ಆಳದ ದೃಶ್ಯಕ್ಕೆ ಕ್ಯಾಮೆರಾವನ್ನೇ ಸರಿಸಿದರೆ ಮುಂದಿನ ಬೊಂಬೆ ಹಿಂದಿನದನ್ನು ಮರೆಮಾಡುವ ರೀತಿಯೇ ಬದಲಾಗುತ್ತದೆ. ಫೋಕಸ್ ಬದಲಾದಾಗ ಫ್ರೇಮೂ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ, ನಾಲ್ಕೂ ಕಡೆ ಶೇ. 10 ಜಾಗ ಬಿಡಿ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮ್ಯಾನ್ಯುಯಲ್; ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಆಫ್.

ಲೆನ್ಸ್ ಬೊಂಬೆಯ ಕಣ್ಣಿನ ಮಟ್ಟದಲ್ಲಿರಲಿ. ಮೇಲಿನಿಂದ ತೆಗೆದರೆ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಆಟಿಕೆಯ ಫೋಟೋ, ಮದುವೆ ಮನೆ ಆಗುವುದಿಲ್ಲ.

ಉತ್ತರ 2
ಪೇಟದ ಅಂಚಿನ ಮಬ್ಬು ಸಾಫ್ಟ್‌ವೇರ್ ತಪ್ಪಲ್ಲ. ಫೋಕಸ್ ಚಪ್ಪರದ ಮೇಲಿರುವಾಗ ಪೇಟ ಮಸುಕಾಗಿ ಊದಿಕೊಳ್ಳುತ್ತದೆ, ತನ್ನ ಅಂಚಿನಾಚೆಯ ಚಪ್ಪರವನ್ನೂ ಮುಚ್ಚುತ್ತದೆ. ಆ ಜಾಗದ ಚಪ್ಪರ ಯಾವ ಫೋಟೋದಲ್ಲೂ ಸ್ಪಷ್ಟವಾಗಿಲ್ಲ ಅಂದಮೇಲೆ ಸಾಫ್ಟ್‌ವೇರ್ ಎಲ್ಲಿಂದ ತರಬೇಕು?

ಹಿಂದಿನ ಭಾಗವನ್ನು ಇನ್ನೊಮ್ಮೆ ತೆಗೆಯಿರಿ. ಓಲಗದವನ ಪಾದದ ಜಾಗವನ್ನು ಪೆನ್ಸಿಲ್ ಚುಕ್ಕೆಯಿಂದ ಗುರುತು ಮಾಡಿ (ಟೇಪ್ ಆದರೆ ಫೋಟೋದಲ್ಲಿ ಕಾಣುತ್ತದೆ), ಪೂರ್ತಿ ಸ್ಟ್ಯಾಕ್ ಮುಗಿಸಿ. ಆಮೇಲೆ ಬೊಂಬೆ ಎತ್ತಿ, ಚಪ್ಪರದ ಕಡೆಯ 6–8 ಫೋಟೋ ಮಾತ್ರ ಅದೇ ಫೋಕಸ್ ಜಾಗಗಳಲ್ಲಿ ಮತ್ತೆ. ಫೋಟೋ ಎಡಿಟರ್‌ನಲ್ಲಿ ಎರಡೂ ಸ್ಟ್ಯಾಕ್‌ಗಳನ್ನು ಒಂದರ ಮೇಲೊಂದು ಲೇಯರ್ ಮಾಡಿ, ಪೇಟದ ಸುತ್ತ ಮಾತ್ರ ಎರಡನೆಯದು ಕಾಣುವಂತೆ ಮಾಸ್ಕ್‌ನಿಂದ ಬಳಿಯಿರಿ. ನೆಲದ ನೆರಳು ಮೊದಲನೆಯದರಿಂದಲೇ ಇರಲಿ.

ಝೆರೀನ್ ಎಂಬ ಸ್ಟ್ಯಾಕಿಂಗ್ ಸಾಫ್ಟ್‌ವೇರಿನಲ್ಲಾದರೆ ಎರಡು ವಿಧಾನಗಳಿವೆ: ಅಂಚು ಹೆಚ್ಚಿರುವ ಕಡೆ ಪಿಮ್ಯಾಕ್ಸ್, ನುಣುಪಾದ ಮುಖಗಳಿಗೆ ಡಿಮ್ಯಾಪ್. ದುಡ್ಡು ಕೊಡದೆ ಆಗಬೇಕಾದರೆ ಉಚಿತ ಸಾಫ್ಟ್‌ವೇರ್ ಹ್ಯೂಜಿನ್ ಜೊತೆ ಬರುವ ಟೂಲಿನಲ್ಲಿ ಫೋಟೋಗಳನ್ನು ಅಲೈನ್ ಮಾಡಿ (ಒಂದಕ್ಕೊಂದು ಸರಿಹೊಂದಿಸಿ), ಅವನ್ನು ಬೆರೆಸುವ ಎನ್‌ಫ್ಯೂಸ್‌ನಲ್ಲಿ ಎಕ್ಸ್‌ಪೋಷರ್ ವೇಟ್ 0, ಸ್ಯಾಚುರೇಶನ್ ವೇಟ್ 0, ಕಾಂಟ್ರಾಸ್ಟ್ ವೇಟ್ 1, ಹಾರ್ಡ್ ಮಾಸ್ಕ್ ಆನ್.

ಪ್ರಶ್ನೆ ಕೇಳಿದವರು
ಮುಂದೆ ಎಣ್ಣೆ ದೀಪ ಇದೆ, ತೆಗೆಯಲು ಮನಸ್ಸಿಲ್ಲ. ಬೊಂಬೆಗಳ ಮೇಲಿನ ಅರಗಿನ ಹೊಳಪೂ ಕಾಟ ಕೊಡುತ್ತಿದೆ.

ಉತ್ತರ 3
ದೀಪ ಆರಿಸಿ ಸ್ಟ್ಯಾಕ್ ಮುಗಿಸಿ. ನಂತರ ಹಚ್ಚಿ, ದೀಪಕ್ಕೇ ಫೋಕಸ್ ಮಾಡಿ ಒಂದು ಫೋಟೋ ತೆಗೆದು, ಸ್ಟ್ಯಾಕ್‌ಗೆ ಅಲೈನ್ ಮಾಡಿ, ಜ್ವಾಲೆಯ ಸುತ್ತ ಮಾತ್ರ ಲೈಟನ್ ಮೋಡ್‌ನಲ್ಲಿ (ಎರಡರಲ್ಲಿ ಹೆಚ್ಚು ಬೆಳಕಿನದು ಉಳಿಯುವ ರೀತಿ) ಸೇರಿಸಿ. 25 ಫೋಟೋದಲ್ಲೂ ಜ್ವಾಲೆ ಅಲುಗಿದರೆ ಬೊಂಬೆಗಳ ಮುಖದ ಬೆಳಕೇ ಮಚ್ಚೆ ಮಚ್ಚೆಯಾಗುತ್ತದೆ. ಮಿಣುಕುವ ಸೀರಿಯಲ್ ಸೆಟ್ ಆಫ್, ಫ್ಯಾನ್ ಆಫ್. ಹೂವಿನ ಒಂದು ಎಸಳು ಅಲುಗಿದರೂ ಎರಡೆರಡು ಕಾಣುತ್ತದೆ. ಎಲ್‌ಇಡಿ ಬೆಳಕಿದ್ದರೆ ಶಟರ್ 1/4 ಸೆಕೆಂಡ್ ಇಡಿ, ಮಿನುಗು ಸರಾಸರಿಯಾಗುತ್ತದೆ.

ಹೊಳಪಿಗೆ ಬಿಳಿ ಪಂಚೆಯನ್ನು ಒಂದೇ ಪದರವಾಗಿ ಎಲ್‌ಇಡಿ ಲೈಟಿಗೂ (ಎಣ್ಣೆ ದೀಪಕ್ಕಲ್ಲ) ಬೊಂಬೆಗೂ ನಡುವೆ ಬಿಗಿಯಾಗಿ ಕಟ್ಟಿ. ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಅರಗಿನ ಹೊಳಪನ್ನು ತಗ್ಗಿಸುತ್ತದೆ; ಜರಿಯ ಹೊಳಪಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಅಲ್ಲಿ ಪಂಚೆಯೇ ಗತಿ.